ಕ್ಯಾಮೆರಾದ ಹಣೆಗೆ ಅಮ್ಮ ಇಟ್ಟ ಕುಂಕುಮ

ಮೊದಲಿಗೇ ಒಂದು ಸಂಗತಿಯನ್ನು ಓದುಗರ ಅವಗಾಹನೆಗೆ ತರಬೇಕಾಗಿದೆ. ಕಚೇರಿಯ ಪತ್ರಗಳನ್ನು ಹೊರತುಪಡಿಸಿ ಬೇರೇನನ್ನೂ ನಾನು ಈವರೆಗೆ ಬರೆದವಳಲ್ಲ. ನಿವೃತ್ತಿಯಾಗುವವರೆಗೂ ಕರಡು ಪತ್ರಗಳನ್ನು ಸಿದ್ಧಪಡಿಸುವುದೇ ನನ್ನ ಕೆಲಸವಾಗಿತ್ತು. ವಿಷಯ ಮೊದಲು, ಹಿನ್ನೆಲೆ ನಂತರ ಎಂಬ ಕ್ರಮವನ್ನು ಬಿಟ್ಟು ಬರೆಯಲು ಧೈರ್ಯ ಸಾಲದು. ಆದಕಾರಣ ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸಿದ್ದೇನೆ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ವಿಷಯವೇನೆಂದರೆ, ಕಳೆದ ಕಾರ್ತಿಕ ಮಾಸದ ಒಂದು ಸೋಮವಾರ ಸಂಜೆ, ನನ್ನ ತಂಗಿಯ ಮಗಳು ಹೊಸದಾಗಿ ಕೊಂಡಿದ್ದ ವಿಡಿಯೋ ಕ್ಯಾಮೆರಾವನ್ನು ನಂಬಿಕೊಂಡು, ನಮ್ಮ ಗುಡಿಯ ದೀಪೋತ್ಸವವನ್ನು ಜೀವನದಲ್ಲಿ ಮೊದಲ ಬಾರಿಗೆ ಕಣ್ಣಾರೆ ನೋಡಲು ನಾನು ಹೊರಟದ್ದು.

ಇನ್ನು ಹಿನ್ನೆಲೆ. ನನಗೆ ಹುಟ್ಟಿನಿಂದ ಇರುಳುಗುರುಡು. ಹಗಲಿನಲ್ಲಿ ಎಲ್ಲರಂತೆ ಓದುತ್ತೇನೆ, ಬರೆಯುತ್ತೇನೆ, ಸೂಜಿಗೆ ದಾರ ಪೋಣಿಸುತ್ತೇನೆ. ಬೆಳಕು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಮಾತ್ರ ನನ್ನ ಪಾಲಿಗೆ ಏನೂ ಉಳಿಯುವುದಿಲ್ಲ. ಸಿನಿಮಾ ಮಂದಿರದಲ್ಲಿ ಆಟ ಶುರುವಾದ ಮೇಲೆ ಒಳಗೆ ಹೋದರೆ ಪಕ್ಕದವರ ಮಡಿಲಲ್ಲಿ ಕುಳಿತುಬಿಡುವ ಅಪಾಯವಿದೆ. ಆದರೆ ಬೆಳಗುವ ಪರದೆ ಮಾತ್ರ ಎಲ್ಲರಿಗೆ ಕಂಡಷ್ಟೇ ನನಗೂ ಕಾಣುತ್ತದೆ. ಎಣ್ಣೆಯ ದೀಪದ ವಿಷಯ ಬೇರೆ. ದೀಪದ ಕುಡಿ ಕಾಣುತ್ತದೆ, ಆ ಕುಡಿ ಏನನ್ನು ಬೆಳಗುತ್ತಿದೆ ಎಂಬುದು ಕಾಣುವುದಿಲ್ಲ. ಕರಿಯ ಬಟ್ಟೆಯ ಮೇಲೆ ಕೇಸರಿ ಚುಕ್ಕೆಗಳನ್ನಿಟ್ಟಂತೆ, ಅಷ್ಟೇ.

ನಮ್ಮ ಮನೆ ಚಾಮರಾಜಪೇಟೆಯಲ್ಲಿದೆ. ತಂದೆಯವರು ಅವೆನ್ಯೂ ರಸ್ತೆಯಲ್ಲಿ ಕಾಗದದ ಅಂಗಡಿ ನಡೆಸುತ್ತಿದ್ದರು. ಈಗ ಅಂಗಡಿಯನ್ನು ತಂಗಿಯ ಗಂಡ ನೋಡಿಕೊಳ್ಳುತ್ತಾರೆ. ತಂದೆಯವರು ನಡುಮನೆಯಲ್ಲಿ ಪತ್ರಿಕೆ ಹಿಡಿದು ಕುಳಿತು ಬಂದವರನ್ನೆಲ್ಲ ಛೇಡಿಸುತ್ತಾರೆ. ನಡೆದು ಹೋಗುವಷ್ಟು ದೂರದಲ್ಲಿ, ಬಸವನಗುಡಿಯ ಕಡೆಗೆ, ಒಂದು ಸಣ್ಣ ಈಶ್ವರನ ಗುಡಿಯಿದೆ. ಕಾರ್ತಿಕ ಸೋಮವಾರದ ಸಂಜೆ ಅಲ್ಲಿ ಬಿಲ್ವಾರ್ಚನೆ ನಡೆಯುವಷ್ಟು ಹೊತ್ತು ವಿದ್ಯುದ್ದೀಪಗಳನ್ನೆಲ್ಲ ಆರಿಸುವುದು ಪದ್ಧತಿ. ಎದುರು ಸಾಲಿನ ಮನೆಗಳವರೂ ತಮ್ಮ ಜಗುಲಿಯ ದೀಪಗಳನ್ನು ಆರಿಸಿ ಸಹಕರಿಸುತ್ತಾರೆ. ಅಷ್ಟು ಹೊತ್ತೂ ಹಣತೆಗಳೇ ಉರಿಯಬೇಕು. ಮಹಾಮಂಗಳಾರತಿ ಮುಗಿಯುತ್ತಲೇ ಯಾರಾದರೊಬ್ಬರು ಮತ್ತೆ ಸ್ವಿಚ್ಚು ಒತ್ತುತ್ತಾರೆ. ಬೀದಿಗೆಲ್ಲ ಅತ್ಯಂತ ಚೆಲುವಾದ ಆ ಹೊತ್ತೇ ನನಗೆ ಅತ್ಯಂತ ಕುರುಡಾದ ಹೊತ್ತು.

ಆದರೆ ನಾನು ಒಂದು ವರ್ಷವೂ ದೀಪೋತ್ಸವವನ್ನು ತಪ್ಪಿಸಿಕೊಂಡಿಲ್ಲ. ಏಕೆಂದರೆ ಪಕ್ಕದಲ್ಲಿ ಅಮ್ಮ ಇರುತ್ತಿದ್ದರು. ಗುಡಿಯ ಅಂಗಳದಲ್ಲಿ ಬಿಲ್ವದ ಮರಕ್ಕೆ ಕಟ್ಟಿದ ಕಲ್ಲಿನ ಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡು, ಕಿವಿಯ ಹತ್ತಿರ ಬಾಗಿ, ನಡೆಯುತ್ತಿರುವುದನ್ನೆಲ್ಲ ಹೇಳುತ್ತಿದ್ದರು. ನಾನು ಲಂಗ ತೊಟ್ಟುಕೊಂಡಿದ್ದ ಕಾಲದಿಂದ ತಲೆ ನರೆಯುವವರೆಗೆ ಅದೇ ಕಟ್ಟೆ, ಅದೇ ದನಿ.

"ಈಗ ನಂದಿ ಮುಂದೆ ಹಚ್ಚಿದ್ರು ಕಣೇ. ಬೆನ್ನ ಮೇಲೂ ಒಂದು ಇಟ್ಟಿದಾರೆ, ಜಾರತ್ತೇನೋ ಅನ್ಸತ್ತೆ... ಇಲ್ಲ, ನಿಂತ್ಕೊಳ್ತು. ಪೂಜಾರಪ್ಪನ ಹೆಂಡ್ತಿ ಬಂದ್ರು. ಹಸಿರು ಸೀರೆ. ಅವರಿಗೆ ಒಪ್ಪಲ್ಲ, ಆದ್ರೂ ಪಾಪ, ಹೊಸದು. ಈಗ ಮೆಟ್ಟಿಲಿಗೆ ಬಂದ್ರು, ಕೆಳಗಿಂದ ಹಚ್ಕೊಂಡು ಹೋಗ್ತಿದಾರೆ. ಗೊತ್ತಾಯ್ತಾ?"

"ಗೊತ್ತಾಯ್ತು," ಎನ್ನುತ್ತಿದ್ದೆ.

ಕಾಣುತ್ತಿದೆಯೇ ಎಂದು ಅಮ್ಮ ಎಂದೂ ಕೇಳಲಿಲ್ಲ. ಈ ಒಂದು ಜಾಣ್ಮೆಗೆ ನಾನು ಅವರಿಗೆ ಎಷ್ಟು ಕೃತಜ್ಞಳಾಗಿದ್ದೇನೆ ಎಂಬುದನ್ನು ಬರವಣಿಗೆಯಲ್ಲಿ ಹೇಳಲು ನನ್ನಿಂದಾಗದು.

ಕಳೆದ ವರ್ಷ ಕಣ್ಣಿನ ವೈದ್ಯರು ನನ್ನನ್ನು ಪರೀಕ್ಷಿಸಿ ಒಂದು ವಿಷಯವನ್ನು ತಿಳಿಸಿದರು. ಹಗಲಿನ ನೋಟದ ಅಂಚುಗಳೂ ಈಗ ನಿಧಾನವಾಗಿ ಒಳಸರಿಯುತ್ತಿವೆ. ಎಷ್ಟು ಕಾಲ ಹಿಡಿಯುತ್ತದೆ ಎಂದು ಹೇಳಲಾಗದು. "ನೋಡ್ಬೇಕು ಅನ್ನೋದೇನಾದ್ರೂ ಇದ್ರೆ ಮುಂದೂಡ್ಬೇಡಿ ಮೇಡಂ," ಎಂದರು. ಅವರು ಪ್ರವಾಸದ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿರಬೇಕು. ನನಗೆ ಹೊಳೆದದ್ದು ಮನೆಯ ಹತ್ತಿರದ ಗುಡಿ. ಅಮ್ಮ ಇಷ್ಟು ವರ್ಷ ಹೇಳಿದ್ದನ್ನು ಒಮ್ಮೆ, ಅವರು ಪಕ್ಕದಲ್ಲಿರುವಾಗಲೇ, ನೋಡಿಬಿಡಬೇಕು. ಇದನ್ನು ತಂಗಿಯ ಮಗಳಿಗೆ ಮಾತ್ರ ಹೇಳಿದ್ದೆ.

ಆ ಹುಡುಗಿ ಮದುವೆಗಳ ವಿಡಿಯೋ ತೆಗೆಯುತ್ತಾ ಬೆಳೆದವಳು. ಈಗ ಗಾಂಧಿನಗರದ ಕಡೆ ಓಡಾಡಿಕೊಂಡಿದ್ದಾಳೆ. ಹೆಚ್ಚು ಲೈಟುಗಳನ್ನು ಬಳಸದೆ, ಬೀದಿಯಲ್ಲಿ ಇದ್ದ ಬೆಳಕಿನಲ್ಲೇ ತೆಗೆಯಬೇಕಾದ ಒಂದು ಸಣ್ಣ ಸಿನಿಮಾದ ಕೆಲಸ ಅವಳಿಗೆ ದೊರೆತಿತ್ತು. ಅದಕ್ಕಾಗಿಯೇ ಹೊಸ ಕ್ಯಾಮೆರಾ. ಹಿಂದೊಮ್ಮೆ ಅವಳ ಫೋನಿನಿಂದ ದೀಪೋತ್ಸವವನ್ನು ನನಗೆ ತೋರಿಸುವ ಪ್ರಯತ್ನ ನಡೆದಿತ್ತು. ದೀಪಗಳು ಮುದ್ದೆಗಟ್ಟಿ, ಅಲುಗಿದ ಮುಖಗಳೆಲ್ಲ ಕಲಸಿಹೋಗಿದ್ದವು. ಈ ಸಲ ಡಬ್ಬಿ ಒಡೆದವಳೇ ನೇರವಾಗಿ ನಮ್ಮ ಮನೆಗೆ ಬಂದಳು. ಅದೇ ಸೋಮವಾರದ ಮಧ್ಯಾಹ್ನ.

"ದೊಡ್ಡಮ್ಮ, ಇದು ವಿಡಿಯೋಗೇ ಅಂತ ಮಾಡಿರೋದು. ಮಿರರ್‌ಲೆಸ್. ಕತ್ತಲೇಲಿ ನಮ್ಮ ಕಣ್ಣಿಗಿಂತ ಜಾಸ್ತಿ ನೋಡತ್ತೆ," ಎಂದಳು.

"ಹಂಗಂದ್ರೆ?" ಎಂದು ಅಮ್ಮ ಅಡುಗೆಮನೆಯಿಂದ ಕೇಳಿದರು.

"ಒಳಗೆ ಕನ್ನಡಿ ಇಲ್ಲ ಅಜ್ಜಿ."

"ಕನ್ನಡಿನೂ ಇಲ್ದೆ ಇರೋದನ್ನ ಹೊಸದು ಅಂತ ತಂದಿದೀಯಾ? ಕೇಳಿ ತಗೋಬಾರ್ದಿತ್ತೇನೇ?"

ತಂದೆಯವರು ಪತ್ರಿಕೆಯ ಹಿಂದಿನಿಂದ ನಕ್ಕರು.

ನಮ್ಮ ದೇವರಮನೆಗೆ ಕಿಟಕಿಯಿಲ್ಲ. ಹುಡುಗಿ ಅಲ್ಲಿನ ಟ್ಯೂಬ್‌ಲೈಟ್ ಆರಿಸಿ, ಒಂದೇ ಒಂದು ದೀಪ ಉಳಿಸಿ, ಕ್ಯಾಮೆರಾದ ಪಕ್ಕಕ್ಕೆ ಬಾಗಿಲಿನಂತೆ ತೆರೆದುಕೊಳ್ಳುವ ಪುಟ್ಟ ಪರದೆಯನ್ನು ನನ್ನ ಮುಖದ ಮುಂದೆ ಹಿಡಿದಳು. ಸಿನಿಮಾ ಮಂದಿರದ ಪರದೆಯಂತೆ ಅದು ಬೆಳಗುತ್ತಿತ್ತು. ಅದರೊಳಗೆ ನಮ್ಮ ದೇವರಮನೆಯಿತ್ತು. ವಿಭೂತಿಯ ಗಟ್ಟಿ, ಹಿತ್ತಾಳೆಯ ತಟ್ಟೆ, ಎಲ್ಲ ನನಗೆ ಗೊತ್ತಿದ್ದ ವಸ್ತುಗಳೇ. ಗೊತ್ತಿಲ್ಲದಿದ್ದುದು ಒಂದೇ. ದೀಪದ ಕುಡಿ ಅಲುಗಿದರೆ ಎಲ್ಲ ವಸ್ತುಗಳ ನೆರಳೂ ಗೋಡೆಯ ಮೇಲೆ ಅಲುಗುತ್ತದೆ. ಇದು ಲೋಕದಲ್ಲಿ ಎಲ್ಲರಿಗೂ ತಿಳಿದಿರುವ ವಿಷಯ. ಇಷ್ಟು ವಯಸ್ಸಾದರೂ ನಾನು ಅದನ್ನು ನೋಡಿರಲಿಲ್ಲ.

"ಸಂಜೆ ಗುಡಿಗೆ ತಗೊಂಡು ಹೋಗೋಣ್ವಾ?" ಎಂದು ಕೇಳಿದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು.

"ಅದಕ್ಕೇ ತಾನೇ ಬಂದಿರೋದು," ಎಂದಳು.

ಹೊರಡುವ ಹೊತ್ತಿಗೆ ಅಮ್ಮ ಅಡ್ಡ ನಿಂತರು. "ತಾಳು. ಹೊಸ ವಸ್ತು. ಪೂಜೆ ಆಗ್ದೆ ಹೊಸ್ತಿಲು ದಾಟಿಸ್ಬೇಡ."

"ಅಜ್ಜಿ, ಲೆನ್ಸ್ ಮೇಲೆ ಮಾತ್ರ ಏನೂ ಹಚ್ಬೇಡ, ದಮ್ಮಯ್ಯ!"

"ಕಣ್ಣಿಗೆ ಯಾರಾದ್ರೂ ಕುಂಕುಮ ಇಡ್ತಾರೇನೇ? ಅಷ್ಟೂ ಗೊತ್ತಿಲ್ವಾ ನಂಗೆ? ಹಣೆಗೆ ಇಡ್ತೀನಿ."

ಲೆನ್ಸಿನ ಮೇಲ್ಗಡೆ ಉಬ್ಬಿದ್ದ ಭಾಗಕ್ಕೆ ವಿಭೂತಿ ಎಳೆದು, ನೀರಿನಲ್ಲಿ ಕಲಸಿದ ಕುಂಕುಮವನ್ನು ನಡುವೆ ಇಟ್ಟರು. ಅಷ್ಟಕ್ಕೆ ಬಿಡಲಿಲ್ಲ. "ದೃಷ್ಟಿ ಹಿಂದುಗಡೆಯಿಂದ್ಲೂ ತಾಗತ್ತೆ," ಎಂದು ಕ್ಯಾಮೆರಾವನ್ನು ತಿರುಗಿಸಿ, ಕಣ್ಣಿಟ್ಟು ನೋಡುವ ಕಿಂಡಿಯ ಬುಡದಲ್ಲಿ ಹಣೆಯಂತೆ ತೋರಿದ ಸಣ್ಣ ಜಾಗದಲ್ಲಿ ಇನ್ನೊಂದು ಬೊಟ್ಟು ಇಟ್ಟರು.

"ನನ್ನ ಪೇಪರ್ ಕಟಿಂಗ್ ಮಷೀನಿಗೂ ಹೀಗೇ ಮೆತ್ತೋಳು ಮರಿ," ಎಂದರು ತಂದೆಯವರು. "ಆಯುಧಪೂಜೆ ಮಾರನೇ ದಿನ ಗಿರಾಕಿಗೆ ಹೋದ ಹಾಳೆಗೆಲ್ಲ ಕೆಂಪು ಅಂಚು."

"ಅದಕ್ಕೇ ಅಂಗಡಿ ಇವತ್ತಿಗೂ ನಿಂತಿರೋದು," ಎಂದರು ಅಮ್ಮ.

ಅಜ್ಜಿಗೆ ಬೇಸರವಾದೀತೆಂದು ಹುಡುಗಿ ಏನನ್ನೂ ಒರೆಸದೆ ಕ್ಯಾಮೆರಾವನ್ನು ಹಾಗೆಯೇ ಚೀಲಕ್ಕಿಟ್ಟಳು.

ಗುಡಿಯಲ್ಲಿ ನಮ್ಮ ಕಟ್ಟೆ ಖಾಲಿಯಿತ್ತು. ನಾನು ನಡುವೆ, ಅಮ್ಮ ಎಡಕ್ಕೆ, ಹುಡುಗಿ ಬಲಕ್ಕೆ ಕುಳಿತೆವು. ಗರ್ಭಗುಡಿಯತ್ತ ಕ್ಯಾಮೆರಾ ತಿರುಗಿಸುವುದಿಲ್ಲವೆಂದು ಅವಳು ಪೂಜಾರಪ್ಪನವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದಳು. ಸೂರ್ಯ ಮುಳುಗಿ ಆಕಾಶದ ಬಿಳುಪು ಹೋಗುತ್ತಿತ್ತು. ಗಂಟೆ ಬಾರಿಸಿತು. ಗುಡಿಯ ದೀಪಗಳು, ಬೀದಿಯ ಮನೆಗಳ ದೀಪಗಳು ಒಂದೊಂದಾಗಿ ಆರಿದವು. ನನ್ನ ಸುತ್ತ ಎಲ್ಲವೂ ಮಾಯವಾಯಿತು. ಕೇಸರಿ ಚುಕ್ಕೆಗಳು ಮಾತ್ರ ಒಂದೊಂದಾಗಿ ಹುಟ್ಟತೊಡಗಿದವು.

ಪಕ್ಕದಲ್ಲಿ ಪರದೆ ತೆರೆದ ಕಿಟ್ಟೆಂಬ ಸಣ್ಣ ಸದ್ದಾಯಿತು. ನಾನು ಅತ್ತ ತಿರುಗಿದೆ. ಅಲ್ಲೂ ಕತ್ತಲೆಯೇ ಇತ್ತು.

"ಬರತ್ತೆ, ಇರಿ ದೊಡ್ಡಮ್ಮ."

ಬರಲಿಲ್ಲ. ಅವಳು ಆರಿಸಿ ಮತ್ತೆ ಹಾಕಿದಳು. ಬ್ಯಾಟರಿ ತೆಗೆದು ಬೇರೆಯದನ್ನು ಹಾಕಿದಳು. ಒಳಗೆ ಪೂಜಾರಪ್ಪನವರು ನಾಮಾವಳಿ ಹೇಳುತ್ತಿದ್ದರು. ಪ್ರತಿ ವರ್ಷ ಕೇಳಿ ಕೇಳಿ, ಯಾವ ನಾಮ ಬಂದಾಗ ಅರ್ಚನೆ ಅರ್ಧಕ್ಕೆ ಬಂದಿದೆ ಎಂಬುದು ನನಗೆ ಕಿವಿಯಿಂದಲೇ ತಿಳಿಯುತ್ತದೆ. ಅರ್ಧ ಆಗಿತ್ತು.

"ಮನೇಲಿ ಸರಿಯಾಗಿತ್ತಲ್ಲ!" ಎಂದು ಹುಡುಗಿ ತನ್ನಷ್ಟಕ್ಕೆ ಹೇಳಿಕೊಂಡಳು.

"ನನ್ನ ಪೂಜೆಯಿಂದ ಏನಾದ್ರೂ..." ಎಂದರು ಅಮ್ಮ.

"ಅಯ್ಯೋ, ಹಂಗೆಲ್ಲ ಆಗಲ್ಲ ಅಜ್ಜಿ. ಸುಮ್ನಿರು."

ಅಮ್ಮ ಸುಮ್ಮನಿರಲಿಲ್ಲ. ನನ್ನ ಕೈ ಹಿಡಿದುಕೊಂಡು, ಎಂದಿನಂತೆ ಕಿವಿಯ ಹತ್ತಿರ ಬಾಗಿ ಆರಂಭಿಸಿದರು. "ಈಗ ನಂದಿ ಮುಂದೆ ಹಚ್ಚಿದ್ರು ಕಣೇ..." ಆದರೆ ದನಿ ಎಂದಿನದಾಗಿರಲಿಲ್ಲ. ತಾವೇ ಕೆಡಿಸಿದೆವೆಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಅದನ್ನು ಕೇಳಲಾರದೆ ನಾನು, "ಪರವಾಗಿಲ್ಲಮ್ಮ, ಮುಂದಿನ ವರ್ಷ ನೋಡಿದ್ರಾಯ್ತು," ಎಂದೆ. ಮುಂದಿನ ವರ್ಷದ ಬಗ್ಗೆ ವೈದ್ಯರು ಹೇಳಿದ್ದು ನೆನಪಿತ್ತು. ಅಮ್ಮನ ವಯಸ್ಸೂ ನೆನಪಿತ್ತು.

ಅಷ್ಟರಲ್ಲಿ ಬಲಗಡೆಯಿಂದ, "ಅರೆ!" ಎಂಬ ಉದ್ಗಾರ ಬಂತು. ಬೇರೆ ದಾರಿ ತೋಚದೆ ಹುಡುಗಿ ಆ ಸಣ್ಣ ಕಿಂಡಿಗೆ ಕಣ್ಣಿಟ್ಟಿದ್ದಳು. "ಒಳಗೆ ಕಾಣ್ತಿದೆ! ಎಲ್ಲಾ ಕಾಣ್ತಿದೆ!"

"ಹಂಗಾದ್ರೆ ಹೊರಗ್ಯಾಕೆ ಇಲ್ಲ?"

"ಈ ಕಿಂಡಿಗೆ ಕಣ್ಣಿಟ್ರೆ ಹೊರಗಿನ ಸ್ಕ್ರೀನ್ ತಾನಾಗೇ ಆಫ್ ಆಗತ್ತೆ ಅಜ್ಜಿ. ಇಲ್ಲೊಂದು ಸೆನ್ಸರ್ ಇದೆ. ಯಾರೋ ಕಣ್ಣಿಟ್ಕೊಂಡಿದಾರೆ ಅಂತ ಅಂದ್ಕೊಂಡುಬಿಟ್ಟಿದೆ ಇದು." ಬೆರಳಿನಿಂದ ಕಿಂಡಿಯ ಬುಡವನ್ನು ಸವರಿ ನೋಡಿದಳು. ನಂತರ ನಗು ತಡೆಯಲಾರದೆ, "ಕುಂಕುಮ ಅಜ್ಜೀ!" ಎಂದಳು. "ನಿನ್ನ ಕುಂಕುಮಾನ ಕಣ್ಣು ಅಂದ್ಕೊಂಡಿದೆ!"

"ಟಾರ್ಚ್ ಹಾಕ್ಬೇಡ, ಅರ್ಚನೆ ನಡೀತಿದೆ," ಎಂದು ಎಚ್ಚರಿಸುತ್ತಲೇ ಅಮ್ಮ ಸೆರಗಿನ ತುದಿಯನ್ನು ಮುಂದೆ ಚಾಚಿದ್ದು ನನ್ನ ಮಡಿಲಿಗೆ ತಾಗಿ ತಿಳಿಯಿತು.

"ಎಂಜಲು ಮಾಡ್ಬೇಡ ಅಜ್ಜಿ!"

"ಪೂಜೆ ಮಾಡಿದ್ದಕ್ಕೆ ಎಂಜಲು ಹಚ್ತೀನೇನೇ? ಒಣಾ ಸೆರಗು. ಒರೆಸು ಬೇಗ, ಮಂಗಳಾರತಿ ಆಗೋಗತ್ತೆ."

ಅವಳು ಒರೆಸಿದಳು. ಕಪ್ಪಾಗಿದ್ದ ಜಾಗದಲ್ಲಿ ನಮ್ಮ ಗುಡಿಯ ಅಂಗಳ ಥಟ್ಟನೆ ಬೆಳಗಿತು.

ಕಂಡದ್ದನ್ನು ಕ್ರಮವಾಗಿ ನಿವೇದಿಸಲು ಯತ್ನಿಸುತ್ತೇನೆ. ಮೊದಲು ಕಂಡದ್ದು ಒಂದು ಕೈ. ಯಾರೋ ಹೆಂಗಸು ಗಾಳಿಗೆ ಅಡ್ಡವಾಗಿ ಹಣತೆಗೆ ಅಂಗೈ ಹಿಡಿದಿದ್ದರು. ಬೆರಳುಗಳ ಸಂದಿಯಲ್ಲಿ ಬೆಳಕು ಹಾದು, ಬೆರಳ ಅಂಚುಗಳೆಲ್ಲ ಮಾಗಿದ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಮೆಟ್ಟಿಲುಗಳ ಮೇಲೆ ಕುಳಿತವರ ಮುಖಗಳಿಗೆ ಬೆಳಕು ಕೆಳಗಿನಿಂದ ಬರುತ್ತಿತ್ತು. ಹಗಲಿನಲ್ಲಿ ತರಕಾರಿ ಚೌಕಾಸಿ ಮಾಡುವಾಗ ನಾನು ನೋಡಿದ ಮುಖಗಳೇ ಅವು. ಆದರೂ ಯಾರೋ ಅವುಗಳನ್ನು ಈಗತಾನೆ ತೊಳೆದಿಟ್ಟಂತಿದ್ದವು. ಮಕ್ಕಳು ಓಡಾಡಿದಂತೆ ಪ್ರಾಕಾರದ ಗೋಡೆಯ ಮೇಲೆ ಆಳೆತ್ತರದ ನೆರಳುಗಳು ಓಡಾಡಿದವು. ನಂದಿಯ ಬೆನ್ನಿನ ಮೇಲೆ, ಅಮ್ಮ ಹೇಳುತ್ತಿದ್ದಂತೆಯೇ, ಒಂದು ಹಣತೆಯಿತ್ತು. ಅದರ ಕುಡಿ ಅಲುಗಿದಾಗಲೆಲ್ಲ ನಂದಿಯ ಕೊರಳಿನ ಮಡಿಕೆಗಳು ಅಲುಗುತ್ತಿದ್ದವು. ಆ ಕಲ್ಲು ಉಸಿರಾಡುತ್ತದೆ ಎಂಬುದನ್ನು ಯಾರೂ ನನಗೆ ಹೇಳಿರಲಿಲ್ಲ. ಅದು ಹೇಳಲು ಬರುವ ವಿಷಯವಲ್ಲವೆಂದು ಈಗ ತೋರುತ್ತದೆ.

ಮೇಲಿನ ಮೆಟ್ಟಿಲುಗಳು ಮಾತ್ರ ಅಲ್ಲಲ್ಲಿ ಕಪ್ಪಾಗಿದ್ದವು.

"ಅಮ್ಮಾ, ಮೇಲ್ಗಡೆ ಎಷ್ಟೊಂದು ಆರಿಹೋಗಿದೆಯಲ್ಲ?"

"ಪ್ರತಿ ವರ್ಷ ಆರತ್ತೆ. ಅಲ್ಲಿ ಗಾಳಿ ಜಾಸ್ತಿ."

"ನೀನು ಒಂದು ಸಲಾನೂ ಹೇಳೇ ಇಲ್ಲ!"

"ಆರಿದ್ದನ್ನ ಏನಂತ ಹೇಳ್ಲಿ? ಉರೀತಿರೋದನ್ನ ಹೇಳಿ ಮುಗಿಸೋಕೇ ಹೊತ್ತು ಸಾಲ್ತಿರ್ಲಿಲ್ಲ."

ಇಷ್ಟು ಹೇಳಿ ಅಮ್ಮ ಸುಮ್ಮನಾದರು. ನನ್ನ ಕೈಯನ್ನೂ ಬಿಟ್ಟರು. ನಾನು ಪರದೆಯನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನ ನಂತರ ಏನೋ ಕೊರತೆಯೆನಿಸಿತು. ದೀಪಗಳಿದ್ದವು, ಮುಖಗಳಿದ್ದವು, ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದೆ ಕಣ್ಣು ಎಲ್ಲೆಂದರಲ್ಲಿ ಹರಿಯುತ್ತಿತ್ತು. ನನ್ನ ದೀಪೋತ್ಸವಕ್ಕೆ ಒಂದು ಕ್ರಮವಿತ್ತು. ಅದು ನಂದಿಯಿಂದ ಆರಂಭವಾಗಿ ಮೆಟ್ಟಿಲಿಗೆ ಬಂದು, ಗೋಡೆಯ ಗೂಡುಗಳನ್ನು ಸುತ್ತಿ, ಪೂಜಾರಪ್ಪನವರ ಹೆಂಡತಿಯ ಸೀರೆಯ ಮೇಲೊಂದು ಟೀಕೆಯನ್ನು ಒಳಗೊಂಡು, ಬಾಗಿಲಲ್ಲಿ ಮುಗಿಯುತ್ತಿತ್ತು.

"ಯಾಕಮ್ಮಾ ನಿಲ್ಲಿಸಿದೆ?"

"ಇನ್ನೇನು, ನಿಂಗೇ ಕಾಣ್ತಿದೆಯಲ್ಲ. ನಾನ್ಯಾಕೆ?"

"ಹೇಳಮ್ಮಾ. ನೀನು ಹೇಳ್ದೆ ಇದ್ರೆ ನಂಗೆ ಎಲ್ಲಿ ನೋಡ್ಬೇಕು ಅಂತ್ಲೇ ಗೊತ್ತಾಗ್ತಿಲ್ಲ."

ಅಮ್ಮ ಸ್ವಲ್ಪ ಹೊತ್ತು ಬಿಂಕ ಮಾಡಿದರು. ನಂತರ ಗಂಟಲು ಸರಿಮಾಡಿಕೊಂಡು, "ಸರಿ. ನಂದಿಯಿಂದ ಬಾ," ಎಂದರು. ಅವರು ಹೇಳಿದತ್ತ ಹುಡುಗಿ ಕ್ಯಾಮೆರಾ ತಿರುಗಿಸಿದಳು. ಅವರು ಗೂಡು ಎಂದರೆ ಗೂಡು ಬಂತು. ಸೀರೆ ಎಂದರೆ ಸೀರೆ ಬಂತು. ಈ ಸಲ ನೇರಳೆ. ಅದೂ ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ.

ಹೀಗೆ ಹೇಳುತ್ತಾ ಹೋಗುತ್ತಿದ್ದಾಗ ಹುಡುಗಿ ನಮ್ಮಿಬ್ಬರಿಗೂ ತಿಳಿಸದೆ ಎದ್ದು, ಎರಡು ಹೆಜ್ಜೆ ಮುಂದೆ ಹೋಗಿ ನಮ್ಮ ಕಡೆಗೇ ತಿರುಗಿ, ಪರದೆಯನ್ನು ನನಗೆ ಕಾಣುವಂತೆ ಹೊರಳಿಸಿದಳು. ಅದರಲ್ಲಿ ಅಮ್ಮ ಇದ್ದರು.

ಆ ದನಿಯನ್ನು ನಾನು ಇಡೀ ಬದುಕು ಕೇಳಿದ್ದೇನೆ. ಆ ದನಿ ಬರುವಾಗ ಅಮ್ಮ ಹೇಗಿರುತ್ತಾರೆ ಎಂಬುದನ್ನು ನೋಡಿರಲಿಲ್ಲ. ಅವರ ಕೈಗಳು ಸುಮ್ಮನಿರಲಿಲ್ಲ. ನಂದಿ ಎನ್ನುವಾಗ ಗಾಳಿಯಲ್ಲಿ ಬೆನ್ನಿನ ಡುಬ್ಬವನ್ನು ಬರೆಯುತ್ತಿದ್ದವು. ಮೆಟ್ಟಿಲು ಎನ್ನುವಾಗ ಒಂದೊಂದೇ ಮೇಲಕ್ಕೇರುತ್ತಿದ್ದವು. ಕತ್ತಲೆಯಲ್ಲಿ ಕಾಣಲಾರದ ಮಗಳಿಗಾಗಿ, ಮಗಳಿಗೆ ಎಂದೂ ಕಾಣದ ಈ ಚಿತ್ರಗಳನ್ನು ಅವರು ಪ್ರತಿ ಕಾರ್ತಿಕದಲ್ಲಿ ಬರೆದಿದ್ದರು. ಇನ್ನೊಂದು ವಿಷಯವೂ ತಿಳಿಯಿತು. ದೀಪಗಳ ಕಡೆಗೆ ಅವರು ನೋಡುತ್ತಿದ್ದುದು ಒಂದು ಕ್ಷಣ ಮಾತ್ರ. ನೋಡಿಕೊಂಡು ತಕ್ಷಣ ನನ್ನ ಮುಖದತ್ತ ತಿರುಗುತ್ತಿದ್ದರು, ಹೇಳಿದ್ದು ತಲುಪಿತೋ ಇಲ್ಲವೋ ಎಂದು. ನಾನು ನೋಡಲಾಗದ ದೀಪೋತ್ಸವವನ್ನು, ನನ್ನಿಂದಾಗಿ, ಅವರೂ ಪೂರ್ತಿಯಾಗಿ ನೋಡಿರಲಿಲ್ಲ.

"ಯಾಕೆ ಅಳ್ತಿದೀಯೇ? ಹೊಗೆ ಬಡೀತಾ?" ಎಂದು ಪರದೆಯೊಳಗಿನ ಅಮ್ಮ ಕೇಳಿದರು.

ಮಹಾಮಂಗಳಾರತಿಯ ಗಂಟೆ ಬಾರಿಸಿತು. ಯಾರೋ ಸ್ವಿಚ್ಚು ಒತ್ತಿದರು. ಬೀದಿಯೆಲ್ಲ ಬೆಳ್ಳಗಾಯಿತು. ಎಂದಿನಂತೆ ಅಮ್ಮ, "ಗೊತ್ತಾಯ್ತಾ?" ಎಂದರು. ಎಂದಿನಂತೆ ನಾನು, "ಗೊತ್ತಾಯ್ತು," ಎಂದೆ. ಬೇರೆ ಉತ್ತರ ಕೊಡಬೇಕೆಂದು ಆ ಮಧ್ಯಾಹ್ನವೆಲ್ಲ ಮನಸ್ಸಿನಲ್ಲಿ ಸಿದ್ಧಪಡಿಸಿಟ್ಟುಕೊಂಡಿದ್ದೆ. ಅದು ಅನವಶ್ಯಕವೆನಿಸಿತು.

ಕೃತಜ್ಞತೆ ಸಲ್ಲಬೇಕಾದವರು ಹಲವರಿದ್ದಾರೆ. ಎಲ್ಲೋ ದೂರದ ದೇಶದಲ್ಲಿ ಕುಳಿತು, ಸಾಕಾಗದ ಬೆಳಕಿನಲ್ಲೂ ನೋಡಬಲ್ಲ ಯಂತ್ರವನ್ನು ರೂಪಿಸಿದವರು. ಸಿನಿಮಾ ತೆಗೆಯುವವರಿಗಾಗಿ ಮಾಡಿದ್ದು ಚಾಮರಾಜಪೇಟೆಯ ಒಬ್ಬ ನಿವೃತ್ತ ಗುಮಾಸ್ತೆಗೆ ಕಣ್ಣಾಗಬಹುದೆಂದು ಅವರು ಎಣಿಸಿರಲಾರರು. ಸಿನಿಮಾಕ್ಕಿಂತ ಮೊದಲು ಅದನ್ನು ನನ್ನ ಮುಂದೆ ಹಿಡಿದ ಹುಡುಗಿ. ವರ್ಷ ವರ್ಷವೂ ತಮ್ಮ ಜಗುಲಿಯ ದೀಪ ಆರಿಸಿದ ಎದುರು ಮನೆಯವರು. ಅವರು ಆರಿಸದಿದ್ದರೆ ಅಮ್ಮನಿಗೆ ನನಗೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಅಮ್ಮನನ್ನು ಈ ಸಾಲಿಗೆ ಸೇರಿಸಲು ಮನಸ್ಸು ಒಪ್ಪುತ್ತಿಲ್ಲ.

ಹುಡುಗಿ ಕ್ಯಾಮೆರಾವನ್ನು ಒರೆಸಿ, ಮುಚ್ಚಳ ಹಾಕಿ ಚೀಲಕ್ಕಿಟ್ಟಳು.

"ಮುಂದಿನ ಸಲ ಹಿಂದುಗಡೆ ಎಲ್ಲಿ ಇಡ್ಲಿ, ಈಗ್ಲೇ ತೋರ್ಸಿಬಿಡು," ಎಂದರು ಅಮ್ಮ.

"ಚೀಲಕ್ಕೆ ಇಡು ಅಜ್ಜಿ. ಎಷ್ಟು ಬೇಕೋ ಅಷ್ಟು."

ಅವಳು ಗಾಡಿ ತೆಗೆದುಕೊಂಡು ಗಾಂಧಿನಗರದ ಕಡೆಗೆ ಹೊರಟಳು. ನಾವಿಬ್ಬರೂ ಮನೆಯ ದಾರಿ ಹಿಡಿದೆವು. ದೊಡ್ಡ ರಸ್ತೆ ದಾಟಿ ನಮ್ಮ ಅಡ್ಡರಸ್ತೆಗೆ ತಿರುಗಿದರೆ, ಮರಗಳ ಕೆಳಗೆ ಬೀದಿದೀಪದ ಬೆಳಕು ನೆಲಕ್ಕೆ ಇಳಿಯುವುದಿಲ್ಲ. ಅಲ್ಲಿಗೆ ಬರುತ್ತಲೇ ನನಗೆ ಎಲ್ಲವೂ ಮುಚ್ಚಿಹೋಯಿತು. ಅಮ್ಮ ನನ್ನ ಮೊಣಕೈ ಹಿಡಿದುಕೊಂಡರು. ಹಿಡಿದವರ ಭಾರ ಈಗ ನನ್ನ ಮೇಲೆಯೇ ಹೆಚ್ಚಾಗಿ ಬೀಳುತ್ತದೆ; ಆದರೆ ದಾರಿ ಅವರದೇ.

"ಇಲ್ಲೊಂದು ಕಲ್ಲು ಎದ್ದಿದೆ," ಎಂದರು. "ಎಡಕ್ಕೆ ಬಾ."

ನಾನು ಎಡಕ್ಕೆ ಸರಿದೆ.